ಶೃಂಗಾರ, ಅದ್ಭುತ, ಭಯಾನಕ: ಹೊಸ ಕಾದಂಬರಿಗಳನ್ನು ಕುರಿತು ನಾಲ್ಕು ಮಾತು

(ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮಾಡಿದ ಭಾಷಣ)



ಈ ಸಮ್ಮೇಳನದಲ್ಲಿ ಮಾತನಾಡಬೇಕೆಂದು ಸಂಸ್ಥೆಯ ಕಾರ್ಯದರ್ಶಿಗಳು ನಮ್ಮನ್ನು ಕರೆದಾಗ ವಿಷಯದ ಆಯ್ಕೆಯನ್ನು ನಮಗೇ ಬಿಟ್ಟುಕೊಟ್ಟರು. ನಾವು ಪಂಡಿತರಲ್ಲ, ವಿಮರ್ಶಕರೂ ಅಲ್ಲ. ಕೈಗೆ ಬಂದ ಪುಸ್ತಕವನ್ನು ಓದಿ ಮುಗಿಸದೆ ಬಿಡದ ಸಾಮಾನ್ಯ ವಾಚಕರು. ಆದುದರಿಂದ ಈಚಿನ ವರ್ಷಗಳಲ್ಲಿ ಓದಿದ ಕೆಲವು ಕಾದಂಬರಿಗಳನ್ನು ಕುರಿತು ನಮಗೆ ತೋಚಿದುದನ್ನು ಹೇಳುವುದೇ ಯೋಗ್ಯವೆಂದು ಭಾವಿಸಿದೆವು. ಅವು ಪ್ರೇಮದ, ಮಾಯಾಲೋಕದ, ದೆವ್ವ ಭೂತಗಳ ಕಾದಂಬರಿಗಳು. ಪಾಲಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಿದುದು ಇಲ್ಲಿಂದಲೇ ಕಾಣುತ್ತಿದೆ. ಅವರಿಗಾಗಿಯೇ ಈ ವಿಷಯವನ್ನು ಆರಿಸಿಕೊಂಡಿದ್ದೇವೆ.

ನಾವು ಎಂಟನೆಯ ಇಯತ್ತೆಯಲ್ಲಿದ್ದಾಗ ಭೂಗೋಳದ ಪುಸ್ತಕದೊಳಗೆ ಒಂದು ದೆವ್ವದ ಕಾದಂಬರಿಯನ್ನಿಟ್ಟು ಓದುತ್ತಿದ್ದೆವು. ಮನೆಯ ಹಿರಿಯರೊಬ್ಬರು ಅದನ್ನು ಕಂಡು ಕಸಿದುಕೊಂಡು ಉರಿಯುವ ಒಲೆಗೆ ಹಾಕಿದರು. ಪುಸ್ತಕ ಸುಟ್ಟಿತು, ದೆವ್ವ ಸುಡಲಿಲ್ಲ. ಕಥೆಯ ಕೊನೆಯಲ್ಲಿ ಅದು ಶಾಂತವಾಯಿತೋ ಇಲ್ಲವೋ ಎಂಬುದು ತಿಳಿಯದೆ ಎಷ್ಟೋ ರಾತ್ರಿ ಹಿತ್ತಲಿಗೆ ಹೋಗಲು ಅಂಜಿದೆವು. ಅಂಜಿಕೆಯನ್ನು ಹೇಳಿಕೊಳ್ಳುವುದಾದರೂ ಯಾರಲ್ಲಿ? ಹೇಳಿದರೆ ಮತ್ತೆ ಆ ಪುಸ್ತಕದ ಮಾತೇ ಬರುವುದು. ಅಂದಿನಿಂದ ನಾವು ಓದುವುದನ್ನು ಬಿಡಲಿಲ್ಲ. ಹಿರಿಯರ ಎದುರಿಗೆ ಓದುವುದನ್ನು ಬಿಟ್ಟೆವು. ಆ ಹಿರಿಯರ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಫಲ ಬೇರೆಯಾಯಿತು.

ಪ್ರೇಮ, ಮಾಯೆ, ಭಯ ಇವು ಹೊಸಗಾಲದ ಹುಚ್ಚುಗಳೆಂದು ಕೆಲವರು ತಿಳಿಯುತ್ತಾರೆ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಎಂಟು ರಸಗಳನ್ನು ಹೇಳಿದೆ. ಶೃಂಗಾರ, ಅದ್ಭುತ, ಭಯಾನಕ ಈ ಮೂರೂ ಅವುಗಳಲ್ಲಿ ಸೇರಿವೆ. ಹೆಣವನ್ನು ಹೆಗಲ ಮೇಲೆ ಹೊತ್ತು ಸ್ಮಶಾನದ ಕಡೆಗೆ ನಡೆಯುವ ವಿಕ್ರಮನ ಕಥೆಯನ್ನು ಇಲ್ಲಿ ಕುಳಿತ ಪಾಲಕರಲ್ಲಿ ಎಷ್ಟು ಮಂದಿ ‘ಚಂದಮಾಮ’ದಲ್ಲಿ ಓದಿಲ್ಲ? ಬೇತಾಳನು ಹೆದರಿಸಿ ಸುಮ್ಮನಾಗುವವನಲ್ಲ. ಪ್ರತಿ ಕಥೆಯ ಕೊನೆಗೆ ನ್ಯಾಯದ ಪ್ರಶ್ನೆಯೊಂದನ್ನು ಕೇಳುತ್ತಾನೆ. ಹೊಸ ಕಾದಂಬರಿಗಳನ್ನು ಅಳೆಯಲು ನಮಗೆ ಈ ಅಳತೆಗೋಲೇ ಸಾಕೆನಿಸಿತು: ಪುಸ್ತಕವನ್ನು ಮುಚ್ಚಿದ ಮೇಲೆ ಅದು ನಮ್ಮನ್ನು ಏನನ್ನಾದರೂ ಕೇಳುತ್ತದೆಯೋ ಇಲ್ಲವೋ?

ಮೊದಲು ಶೃಂಗಾರ. ಅಮೆರಿಕದ ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ 2005ರಲ್ಲಿ ಪ್ರಕಟವಾಯಿತು. ಹದಿನೇಳು ವಯಸ್ಸಿನ ಬೆಲ್ಲಾ ಎಂಬ ಹುಡುಗಿ ಎಡ್ವರ್ಡ್ ಎಂಬ ತರುಣನನ್ನು ಪ್ರೀತಿಸುತ್ತಾಳೆ. ಅವನಾದರೋ ನೆತ್ತರು ಕುಡಿಯುವ ಕುಲದವನು. ಕಥೆಯ ಓಟ ಚೆನ್ನಾಗಿದೆ. ಒಂದೇ ಬೈಠಕಿನಲ್ಲಿ ಓದಿಸಿಕೊಳ್ಳುತ್ತದೆ. ಆದರೆ ಆ ತರುಣನು ರಾತ್ರಿ ಅವಳಿಗೆ ತಿಳಿಯದಂತೆ ಅವಳ ಕೋಣೆಗೆ ಬಂದು, ಅವಳು ನಿದ್ರಿಸುವುದನ್ನು ನೋಡುತ್ತ ನಿಲ್ಲುವುದುಂಟು. ಕಾದಂಬರಿ ಇದನ್ನು ಪ್ರೇಮದ ಗುರುತೆಂದು ತೋರಿಸುತ್ತದೆ. ನಾವು ಇದನ್ನು ಒಪ್ಪಲಾರೆವು. ಕೇಳದೆ ಕೋಣೆಯೊಳಗೆ ಬರುವವನು ಎಷ್ಟು ಸುಂದರನಾದರೂ ಪ್ರೇಮಿಯಲ್ಲ. ಇಲ್ಲಿ ಕಾದಂಬರಿ ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ದಾಟಿಹೋಗಿದೆ. ಓದುವ ನೀವೇ ಅದನ್ನು ಕೇಳಬೇಕು.

ಇದಕ್ಕೆದುರಾಗಿ ಕೊಲೀನ್ ಹೂವರ್ ಅವರ ‘ಇಟ್ ಎಂಡ್ಸ್ ವಿತ್ ಅಸ್’ ಎಂಬ 2016ರ ಕಾದಂಬರಿಯನ್ನು ಇಡೋಣ. ಬಾಸ್ಟನ್ ನಗರದಲ್ಲಿ ಹೂವಿನ ಅಂಗಡಿ ಇಟ್ಟ ಲಿಲಿ ಎಂಬವಳು ಮಿದುಳಿನ ಶಸ್ತ್ರವೈದ್ಯನೊಬ್ಬನನ್ನು ಮೆಚ್ಚಿ ಮದುವೆಯಾಗುತ್ತಾಳೆ. ಅವನು ಅವಳ ಮೇಲೆ ಕೈಮಾಡುತ್ತಾನೆ. ಪಶ್ಚಾತ್ತಾಪ ಪಡುತ್ತಾನೆ, ಮತ್ತೆ ಕೈಮಾಡುತ್ತಾನೆ. ತನ್ನ ತಾಯಿಯೂ ಹೀಗೆಯೇ ಏಟು ತಿಂದುದನ್ನು ಬಾಲ್ಯದಲ್ಲಿ ಕಂಡವಳು ಲಿಲಿ. ತಾಯಿ ಏಕೆ ಮನೆಬಿಟ್ಟು ಹೋಗಲಿಲ್ಲವೆಂದು ಒಳಗೊಳಗೇ ಕೋಪಿಸಿಕೊಂಡವಳು. ಈಗ ತಾನೇ ಆ ಸ್ಥಾನದಲ್ಲಿ ನಿಂತಾಗ, ಬಿಟ್ಟುಹೋಗುವುದು ಎಷ್ಟು ಕಠಿಣವೆಂಬುದು ಅವಳಿಗೆ ತಿಳಿಯುತ್ತದೆ. ಮಗಳು ಹುಟ್ಟಿದ ಮೇಲೆ ಗಂಡನನ್ನು ಕೇಳುತ್ತಾಳೆ: ನಾಳೆ ಈ ಕೂಸು ಬೆಳೆದು, ತನ್ನನ್ನು ಪ್ರೀತಿಸುವವನೇ ತನ್ನನ್ನು ಹೊಡೆದನೆಂದು ನಿಮ್ಮ ಮುಂದೆ ಅತ್ತರೆ ಏನು ಹೇಳುವಿರಿ? ಅವನ ಉತ್ತರದಿಂದಲೇ ಅವಳ ನಿರ್ಧಾರ ಗಟ್ಟಿಯಾಗುತ್ತದೆ. ತಮ್ಮ ತಾಯಿಯ ಬಾಳೇ ಈ ಕಥೆಗೆ ಪ್ರೇರಣೆಯೆಂದು ಲೇಖಕಿ ಹೇಳಿಕೊಂಡಿದ್ದಾರೆ. ಪುಸ್ತಕದಲ್ಲಿ ದೋಷಗಳಿಲ್ಲದೆ ಇಲ್ಲ. ಹಳೆಯ ಗೆಳೆಯನೊಬ್ಬನು ಬೇಕಾದ ಹೊತ್ತಿಗೆ ಸರಿಯಾಗಿ ಅದೇ ನಗರದಲ್ಲಿ ದೊರೆಯುವುದು ಸಿನಿಮಾದ ಯುಕ್ತಿ. ಎಳೆಯರಿಗೆ ತಕ್ಕುದಲ್ಲದ ಪ್ರಸಂಗಗಳೂ ಇವೆ. ಆದುದರಿಂದ ಇದನ್ನು ಮಕ್ಕಳ ಕೈಗೆ ಕೊಡಿರೆಂದು ನಾವು ಹೇಳುವುದಿಲ್ಲ. ತಾಯಂದಿರೂ ತಂದೆಗಳೂ ಓದಲಿ. ಅದರ ಪ್ರಶ್ನೆ ಬಾಸ್ಟನ್ನಿನದು ಮಾತ್ರವಲ್ಲ.

ಎರಡನೆಯದು ಅದ್ಭುತ. ಇಂಗ್ಲೆಂಡಿನ ಸುಸಾನಾ ಕ್ಲಾರ್ಕ್ ಅವರ ‘ಪಿರನೇಸಿ’ 2020ರಲ್ಲಿ ಬಂದಿತು; ಮರುವರ್ಷ ಅದಕ್ಕೆ ಮಹಿಳಾ ಕಾದಂಬರಿಕಾರರಿಗೆ ಸಲ್ಲುವ ವಿಮೆನ್ಸ್ ಪ್ರೈಜ್ ದೊರೆಯಿತು. ಕೊನೆಯಿಲ್ಲದ ಹಜಾರಗಳುಳ್ಳ ಒಂದು ಮಹಾಮನೆ. ಎಲ್ಲೆಲ್ಲಿಯೂ ಕಲ್ಲಿನ ಮೂರ್ತಿಗಳು. ಕೆಳಗಿನ ಹಜಾರಗಳಲ್ಲಿ ಸಮುದ್ರ, ಮೇಲಿನ ಹಜಾರಗಳಲ್ಲಿ ಮೋಡ. ಅಲ್ಲಿ ಒಬ್ಬನೇ ಇರುವ ನಾಯಕನಿಗೆ ತನ್ನ ಹಿಂದಿನ ಬಾಳು ನೆನಪಿಲ್ಲ. ವಾರಕ್ಕೆರಡು ಸಲ ಮತ್ತೊಬ್ಬ ಮನುಷ್ಯನು ಅವನನ್ನು ಕಾಣಲು ಬರುತ್ತಾನೆ. ಅವನನ್ನು ನಾಯಕನು ಗೆಳೆಯನೆಂದೇ ನಂಬಿದ್ದಾನೆ. ಒಂದು ದಿನ ತನ್ನದೇ ದಿನಚರಿಯಲ್ಲಿ, ತನ್ನದೇ ಕೈಬರಹದಲ್ಲಿ, ತನಗೆ ನೆನಪಿಲ್ಲದ ಮಾತುಗಳನ್ನು ಕಾಣುತ್ತಾನೆ. ಮುಂದಿನದನ್ನು ಹೇಳಿ ನಿಮ್ಮ ಸವಿಯನ್ನು ಕೆಡಿಸಲಾರೆವು.

ನಮಗೆ ಹಿಡಿಸಿದುದು ಅದರ ರಹಸ್ಯಕ್ಕಿಂತ ಅದರ ನಾಯಕನ ನಡತೆ. ಆ ಮನೆಯಲ್ಲಿ ಬಿದ್ದಿರುವ ಯಾರದೋ ಎಲುಬುಗಳನ್ನು ಅವನು ಆದರದಿಂದ ನೋಡಿಕೊಳ್ಳುತ್ತಾನೆ. ಅವುಗಳಿಗೆ ಅನ್ನಪಾನ ಅರ್ಪಿಸುತ್ತಾನೆ. ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಗಳು ಗೂಡು ಕಟ್ಟಲು ಬಂದಾಗ, ಚಳಿಗಾಲಕ್ಕೆ ಉರುವಲೆಂದು ಕೂಡಿಸಿಟ್ಟ ಒಣ ಕಡಲಪಾಚಿಯನ್ನು ಅವುಗಳಿಗೆ ಕೊಡುತ್ತಾನೆ. ಆ ವರ್ಷಕ್ಕೆ ಆ ಹಕ್ಕಿ ಬಂದ ವರ್ಷವೆಂದೇ ಹೆಸರಿಡುತ್ತಾನೆ. ಹೆಸರು ಮರೆತರೂ ಮನುಷ್ಯನು ಸಜ್ಜನನಾಗಿ ಉಳಿಯಬಲ್ಲನೇ ಎಂಬುದು ಈ ಕಾದಂಬರಿ ಕೇಳುವ ಪ್ರಶ್ನೆ. ಮೊದಲ ಐವತ್ತು ಪುಟಗಳು ನಿಧಾನವಾಗಿ ಸಾಗುತ್ತವೆ. ದೊಡ್ಡ ತರಗತಿಯ ವಿದ್ಯಾರ್ಥಿಗಳು ತಾಳ್ಮೆಯಿಂದ ಓದಬೇಕು.

ಮೂರನೆಯದು ಭಯಾನಕ. ಮೆಕ್ಸಿಕೋದಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಸಿಲ್ವಿಯಾ ಮೊರೆನೊ-ಗಾರ್ಸಿಯಾ ಅವರ ‘ಮೆಕ್ಸಿಕನ್ ಗಾಥಿಕ್’ ಕೂಡ 2020ರದು. ಕಥೆಯ ಕಾಲ 1950ರ ಸುಮಾರು. ನೋಎಮಿ ಎಂಬ ತರುಣಿಗೆ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಓದುವ ಆಸೆ. ಮದುವೆಯಾಗಿ ದೂರ ಹೋದ ಅಕ್ಕನಿಂದ, ಅವಳ ದೊಡ್ಡಪ್ಪನ ಮಗಳಿಂದ, ಭೀತಿಯ ಕಾಗದವೊಂದು ಬರುತ್ತದೆ. ಹೋಗಿ ನೋಡಿ ಬಂದರೆ ಓದಲು ಬಿಡುವೆನೆಂದು ತಂದೆ ಮಾತು ಕೊಡುತ್ತಾನೆ. ಅಕ್ಕನ ಮನೆ ಬೆಟ್ಟದ ಮೇಲಿದೆ; ಬೆಳ್ಳಿಯ ಗಣಿಯಿಂದ ಸಿರಿವಂತರಾಗಿ ಈಗ ಇಳಿಗಾಲ ಕಂಡ ಇಂಗ್ಲಿಷ್ ಕುಟುಂಬದ ಬಂಗಲೆ ಅದು. ಗೋಡೆಗಳಲ್ಲೆಲ್ಲ ಬೂಷ್ಟು, ಆ ಬೂಷ್ಟಿನಲ್ಲಿಯೇ ಕಥೆಯ ಗುಟ್ಟು. ಮೆಕ್ಸಿಕೋದ ರಿಯಲ್ ದೆಲ್ ಮೊಂತೆ ಎಂಬ ಊರಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನವರು ಬಂದು ಬೆಳ್ಳಿಯ ಗಣಿಗಳನ್ನು ನಡೆಸಿದುದು ನಿಜವಾದ ಇತಿಹಾಸ. ಅವರ ಸ್ಮಶಾನವೂ ಅಲ್ಲಿದೆ. ಕೊನೆಯ ಭಾಗದಲ್ಲಿ ಅಸಹ್ಯ ಹುಟ್ಟಿಸುವ ವರ್ಣನೆ ಮಿತಿಮೀರಿದೆ. ಚಿಕ್ಕವರಿಗೆ ಇದು ಬೇಡ. ಆದರೆ ಕಾದಂಬರಿಯ ಭಯ ದೆವ್ವದಿಂದ ಹುಟ್ಟಿದುದಲ್ಲ. ಒಂದು ಮನೆತನದ ಐಶ್ವರ್ಯಕ್ಕಾಗಿ ಯಾರು ಯಾರು ಸತ್ತರೆಂಬ ಅರಿವಿನಿಂದ ಹುಟ್ಟಿದುದು.

ಇದನ್ನು ಓದುವಾಗ ನಮಗೆ ನಮ್ಮ ಜನಪದರ ‘ಕೆರೆಗೆ ಹಾರ’ದ ನೆನಪಾಯಿತು. ನೀರು ಬಾರದ ಕೆರೆಗೆ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡುವ ಆ ಕಥನಗೀತದಲ್ಲಿ ದೆವ್ವವಿಲ್ಲ, ಭೂತವಿಲ್ಲ. ಎಲ್ಲರಿಗೂ ತಿಳಿದಿದ್ದು, ಯಾರೂ ಬಾಯಿಬಿಟ್ಟು ಬೇಡವೆನ್ನದ ಆ ಮನೆಯೇ ಅಲ್ಲಿಯ ಭಯಾನಕ. ನಮ್ಮ ಅಜ್ಜಿಯರು ಬೀಸುವ ಕಲ್ಲಿನ ಮುಂದೆ ಕುಳಿತು ಇಂತಹ ಕಥೆಗಳನ್ನು ಹಾಡಿದರು. ಮಕ್ಕಳು ಮಗ್ಗುಲಲ್ಲಿ ಮಲಗಿ ಕೇಳಿದರು. ಭಯವಾದರೆ ಹಿಡಿದುಕೊಳ್ಳಲು ಅಜ್ಜಿಯ ಸೆರಗು ಇತ್ತು. ಈಗ ಕಥೆ ಉಳಿದಿದೆ, ಸೆರಗು ಇಲ್ಲ. ಮಗು ಒಂಟಿಯಾಗಿ ಓದುತ್ತದೆ, ಒಂಟಿಯಾಗಿ ಅಂಜುತ್ತದೆ. ಪಾಲಕರೇ, ಪುಸ್ತಕವನ್ನು ಕಸಿದುಕೊಳ್ಳುವ ಮೊದಲು ಕಥೆ ಎಲ್ಲಿಗೆ ಬಂದಿತೆಂದು ಒಂದು ಮಾತು ಕೇಳಿರಿ. ವಯಸ್ಸಿಗೆ ಮೀರಿದ ಪುಸ್ತಕವಾದರೆ, ಏಕೆ ಬೇಡವೆಂಬುದನ್ನು ಹೇಳಿ ಎತ್ತಿಡಿರಿ. ಒಲೆಗೆ ಮಾತ್ರ ಹಾಕಬೇಡಿರಿ.

ಕೊನೆಯದಾಗಿ ಒಂದು ಮಾತು. ಈ ಕಾದಂಬರಿಗಳನ್ನೆಲ್ಲ ನಾವು ಓದಿದುದು ಇಂಗ್ಲಿಷಿನಲ್ಲಿ. ನಮ್ಮ ಈ ಗಡಿಸೀಮೆಯ ಮಕ್ಕಳು ಅಂಗಡಿಯಲ್ಲಿ ಮರಾಠಿ, ಪರೀಕ್ಷೆಯಲ್ಲಿ ಕನ್ನಡ, ಮೊಬೈಲಿನಲ್ಲಿ ಹಿಂದಿ, ಇಂಗ್ಲಿಷ್ ಎಂದು ಭಾಷೆಗಳನ್ನು ಹಂಚಿಕೊಂಡಿದ್ದಾರೆ. ಕನ್ನಡವು ಪರೀಕ್ಷೆಗೆ ಓದುವ ಭಾಷೆಯಾಗಿ ಮಾತ್ರ ಉಳಿದರೆ, ಪರೀಕ್ಷೆ ಮುಗಿದ ದಿನವೇ ಅದೂ ಮುಗಿಯುತ್ತದೆ. ಕದ್ದು ಓದುವ ಭಾಷೆಯೂ ಅದಾಗಬೇಕು. ಹಿಂದೆ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರ ಕಾದಂಬರಿಗಳನ್ನು ತಂದರು. ಗಳಗನಾಥರು ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂದು ಹಿರಿಯರು ಹೇಳುತ್ತಾರೆ. ಎರಡು ಮೂರು ಭಾಷೆ ಬಲ್ಲ ನಿಮಗೆ ಆ ಕೆಲಸ ಮಿಕ್ಕವರಿಗಿಂತ ಸುಲಭ. ಯಾವ ಭಾಷೆಯಲ್ಲಾದರೂ ಒಂದು ಕಥೆ ನಿಮ್ಮ ನಿದ್ದೆ ಕೆಡಿಸಿದರೆ, ಅದನ್ನು ಕುರಿತು ಒಂದೇ ಒಂದು ಪುಟವನ್ನು ಕನ್ನಡದಲ್ಲಿ ಬರೆದು ಶಾಲೆಯ ಗೋಡೆಪತ್ರಿಕೆಗೆ ಅಂಟಿಸಿರಿ. ಚೆನ್ನಾಗಿಲ್ಲವೆನಿಸಿದರೆ ಹಾಗೆಯೇ ಬರೆಯಿರಿ. ಮುಂದಿನ ಸಮ್ಮೇಳನದಲ್ಲಿ ನಮ್ಮ ಭಾಷಣಕ್ಕೆ ಬದಲಾಗಿ ನಿಮ್ಮ ಪುಟಗಳನ್ನೇ ಇಲ್ಲಿ ಓದಿಸಬೇಕೆಂದು ಅಧ್ಯಕ್ಷರಲ್ಲಿ ವಿನಂತಿಸಿಕೊಂಡು, ನಾಲ್ಕು ಮಾತುಗಳನ್ನು ಮುಗಿಸುತ್ತೇವೆ.