ಹೊಗೆಗೆ ಮರಳಿ ದಾರಿ

ಹೊನ್ನಾವರದಿಂದ ಸಾಗರದ ಕಡೆ ಹೊರಟ ಲಾರಿ ಗೇರುಸೊಪ್ಪೆ ದಾಟಿ ಘಟ್ಟ ಹತ್ತತೊಡಗಿದಾಗ ಚಾಲಕನಿಗೆ ಬೇಕಾದದ್ದು ಎಳೆತ, ಸರ್ಕಾರದ ನಿಯಮಕ್ಕೆ ಬೇಕಾದದ್ದು ಕಡಿಮೆ ವಿಷದ ಹೊಗೆ. ಈ ಜಗ್ಗಾಟದ ನಡುವೆ ಸಿಕ್ಕಿಕೊಂಡದ್ದು ಇ.ಜಿ.ಆರ್. ವಾಲ್ವ್. ಸೈಲೆನ್ಸರಿನತ್ತ ಹೊರಟ ಹೊಗೆಯಲ್ಲೊಂದು ಪಾಲನ್ನು ತಡೆದು, ತಣಿಸಿ, ಪುನಃ ಎಂಜಿನ್ನಿಗೇ ಕಳಿಸುವುದು ಅದರ ಕೆಲಸ.

ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುವಂಥ ಈ ಏರ್ಪಾಡು ಯಾಕೆ? ಸಿಲಿಂಡರಿನೊಳಗಿನ ಉರಿ ಸುಮಾರು 1800 ಕೆಲ್ವಿನ್ ದಾಟಿದರೆ ಗಾಳಿಯ ನೈಟ್ರೋಜನ್ನೂ ಆಮ್ಲಜನಕವೂ ಭರದಿಂದ ಕೂಡಿಕೊಳ್ಳುತ್ತವೆ. ಸೋವಿಯತ್ ವಿಜ್ಞಾನಿ ಯಾಕೋವ್ ಝೆಲ್ದೋವಿಚ್ ಇದರ ರಸಾಯನವನ್ನು 1940ರ ದಶಕದಲ್ಲೇ ಬಿಡಿಸಿಟ್ಟಿದ್ದರು. ಮುಂದೆ ರಸಾಯನವಿಜ್ಞಾನಿ ಅರೀ ಹಾಗೆನ್-ಸ್ಮಿಟ್, ಲಾಸ್ ಏಂಜಲೀಸ್‌ನ ಕಣ್ಣುರಿಸುವ ಮಬ್ಬಿನ ಹಿಂದೆ ಈ ನೈಟ್ರೋಜನ್ ಆಕ್ಸೈಡುಗಳೂ ಇವೆಯೆಂದು ತೋರಿಸಿದರು. ಸುಟ್ಟ ಅನಿಲ ಬೆರೆಸಿದರೆ ಉರಿ ತಗ್ಗುತ್ತದೆ. 1973ರ ಹೊತ್ತಿಗೆ ಅಮೆರಿಕದ ಕಾರುಗಳಲ್ಲಿ ಈ ವಾಲ್ವ್ ಸಾಮಾನ್ಯವಾಯಿತು.

ಆಗ ಅದು ವ್ಯಾಕ್ಯೂಮ್ ಎಳೆದಂತೆ ತೆರೆಯುವ ಒರಟು ಸಾಧನ. ನಿಜವಾದ ತಲೆನೋವು ಶುರುವಾದದ್ದು ಟರ್ಬೊ ಡೀಸೆಲ್‌ನಲ್ಲಿ. ಟರ್ಬೊ ತಿರುಗುವುದೂ ಅದೇ ಹೊಗೆಯ ಬಲದಿಂದ. ವಾಲ್ವ್ ತೆರೆದರೆ ಟರ್ಬೊಗೆ ಹೊಗೆ ಸಾಲದು, ಟರ್ಬೊ ನಿಧಾನಿಸಿದರೆ ಹೊಸ ಗಾಳಿ ಸಾಲದು, ಕಡೆಗೆ ಕರಿಹೊಗೆ. ಮರಳಿ ಬರುವ ಹೊಗೆ ಎಷ್ಟೆಂದು ನೇರವಾಗಿ ಅಳೆಯೋಣವೆಂದರೆ ಮಸಿ ಸೆನ್ಸರಿಗೆ ಅಂಟುತ್ತದೆ. ಹಾಗಾಗಿ ಅಳೆಯಲಾಗದ್ದನ್ನು ಲೆಕ್ಕದಿಂದ ಊಹಿಸುವ ಗಣಿತ ಮಾದರಿಗಳು ಬಂದವು. ಸ್ವೀಡನ್ನಿನ ಲಿಂಕೋಪಿಂಗ್ ವಿಶ್ವವಿದ್ಯಾಲಯದ ಯೋಹಾನ್ ವಾಲ್‌ಸ್ಟ್ರೋಮ್ ಮತ್ತು ಲಾರ್ಸ್ ಎರಿಕ್ಸನ್ 2011ರಲ್ಲಿ ಪ್ರಕಟಿಸಿದ ಮಾದರಿಗೆ ಎಂಟೇ ಅಂಶ ಸಾಕಾದವು: ಗಾಳಿ ಒಳಬರುವ, ಹೊಗೆ ಹೊರಹೋಗುವ ಎರಡೂ ಕಡೆಯ ಒತ್ತಡ, ಎರಡೂ ಕಡೆಯ ಆಮ್ಲಜನಕ, ಟರ್ಬೊ ವೇಗ, ಉಳಿದ ಮೂರು ವಾಲ್ವ್ ಮತ್ತು ಟರ್ಬೊ ಅಲಗುಗಳ ಚಲನೆಗೆ. ಇಂಥ ಲೆಕ್ಕವನ್ನು ಎಂಜಿನ್ನಿನ ಕಂಪ್ಯೂಟರು ಕ್ಷಣಕ್ಷಣವೂ ಮಾಡಬಲ್ಲದು. ಪೂರ್ತಿ ಭಾರ ಹೊತ್ತ ಏರಿನಲ್ಲಿ ವಾಲ್ವ್ ಕಿರಿದಾಗುತ್ತದೆ, ಕುಮಟಾ–ಭಟ್ಕಳ ನಡುವಿನ ಸಮತಟ್ಟಿನಲ್ಲಿ ಹಿಗ್ಗುತ್ತದೆ.

ಲೆಕ್ಕ ಬಲ್ಲ ಯಂತ್ರಕ್ಕೆ ಸುಳ್ಳನ್ನೂ ಕಲಿಸಬಹುದಲ್ಲ! ಪ್ರಯೋಗಾಲಯದ ಪರೀಕ್ಷೆಯೆಂದು ಗುರುತಿಸಿದೊಡನೆ ಫೋಕ್ಸ್‌ವ್ಯಾಗನ್‌ನ ಇಎ 189 ಡೀಸೆಲ್ ಎಂಜಿನ್ ಹೊಗೆಯನ್ನು ಹೆಚ್ಚು ಮರಳಿಸುತ್ತಿತ್ತು, ರಸ್ತೆಗಿಳಿದರೆ ಕಡಿಮೆ. 2015ರ ಸೆಪ್ಟೆಂಬರಿನಲ್ಲಿ ಅದು ಬಯಲಾಯಿತು. ಅದೇ ಡಿಸೆಂಬರಿನಲ್ಲಿ ಭಾರತದಲ್ಲೂ 3.23 ಲಕ್ಷ ಕಾರುಗಳನ್ನು ವಾಪಸು ಕರೆಸುವ ಘೋಷಣೆ ಬಂತು.

ಲಾರಿಗಳ ಸರದಿ 2017ರ ಏಪ್ರಿಲ್ 1ಕ್ಕೆ. ದೇಶವಿಡೀ ಬಿಎಸ್-4 (ಭಾರತ್ ಸ್ಟೇಜ್) ಹೊಗೆ ನಿಯಮ ಜಾರಿಯಾಗಿ, ಒಂದು ಕಿಲೋವ್ಯಾಟ್-ಗಂಟೆಗೆ 5 ಗ್ರಾಂ ಇದ್ದ ನೈಟ್ರೋಜನ್ ಆಕ್ಸೈಡ್ ಮಿತಿ 3.5ಕ್ಕಿಳಿಯಿತು. ಅಶೋಕ್ ಲೇಲ್ಯಾಂಡ್ ಐಇಜಿಆರ್ ಎಂದು ಈ ವಾಲ್ವನ್ನೇ ನೆಚ್ಚಿತು, ಬೇರೆ ಕೆಲವರು ಹೊರಹೋಗುವ ಹೊಗೆಗೆ ಯೂರಿಯಾ ದ್ರಾವಣ ಚಿಮುಕಿಸುವ ದಾರಿ ಹಿಡಿದರು. 2020ರ ಬಿಎಸ್-6 ಮಿತಿಯನ್ನು 0.46ಕ್ಕೆ ತಂದಾಗ ದೊಡ್ಡ ಲಾರಿಗಳಿಗೆ ವಾಲ್ವ್ ಒಂದೇ ಸಾಲದಾಯಿತು, ಯೂರಿಯಾ ಟ್ಯಾಂಕು ಬಂತು. 2023ರಿಂದ ಕಾರುಗಳಿಗೆ ರಸ್ತೆಯ ಮೇಲೂ ಪರೀಕ್ಷೆ.

ಪಿಕಪ್ ಇಲ್ಲವೆಂದು ವಾಲ್ವಿನ ದಾರಿಗೆ ತಗಡು ಬಡಿಸಿಕೊಳ್ಳುವವರು ಇದ್ದೇ ಇದ್ದಾರೆ. ಹೊನ್ನಾವರದ ಪಕ್ಕದ ಕಾಸರಕೋಡಿನ ಮೀನುಗಾರಿಕಾ ಬೋಟುಗಳ ಡೀಸೆಲ್ ಎಂಜಿನ್ನುಗಳಿಗಂತೂ ಬಿಎಸ್ ನಿಯಮ ಅನ್ವಯಿಸುವುದೇ ಇಲ್ಲ. ಅದು ರಸ್ತೆ ವಾಹನಗಳಿಗೆ ಮಾಡಿದ್ದು.