ಊರ ಬಾಯಿಗೂ ಒಂದು ಲೆಕ್ಕ



ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎಂದು ಹಿರಿಯರು ಹೇಳುತ್ತಾರೆ. ಆದರೆ ಊರ ಬಾಯಿಗೂ ಒಂದು ಲೆಕ್ಕವಿದೆ. ಆ ಲೆಕ್ಕವೇನು, ಅದರಿಂದ ನಮಗೇನು ಪ್ರಯೋಜನ ಎಂಬುದನ್ನು ಇಂದು ನೋಡೋಣ.

2012ರ ಆಗಸ್ಟ್ ತಿಂಗಳ ಮಧ್ಯಭಾಗ. ಅಸ್ಸಾಮಿನಲ್ಲಿ ನಡೆದ ಹಿಂಸಾಚಾರದ ಬೆನ್ನಲ್ಲೇ, ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿಯಾಗಲಿದೆ ಎಂಬ ವದಂತಿ ಎಸ್ಸೆಮ್ಮೆಸ್‌ಗಳ ಮೂಲಕ ಹಬ್ಬಿತು. ಓದಲು, ದುಡಿಯಲು ಬಂದಿದ್ದ ಸಾವಿರಾರು ಮಂದಿ ಗಂಟುಮೂಟೆ ಕಟ್ಟಿಕೊಂಡು ನಗರ ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಆಗ ಕೇಂದ್ರ ಸರ್ಕಾರ ಸಾಮೂಹಿಕ ಎಸ್ಸೆಮ್ಮೆಸ್‌ಗಳಿಗೆ ಐದರ ಮಿತಿ ಹಾಕಿತು. ಸುಳ್ಳು ಸುದ್ದಿಯನ್ನು ತಡೆಯಲು ಹೊರಟವರು ಸುದ್ದಿಯ ಗೊಡವೆಗೆ ಹೋಗದೆ ಒಂದು ಸಂಖ್ಯೆಯನ್ನು ಹಿಡಿದುಕೊಂಡದ್ದೇಕೆ? ಇಲ್ಲಿಂದಲೇ ನಮ್ಮ ಲೆಕ್ಕ ಶುರು.

ದೂರದರ್ಶನದ ವಾರ್ತೆ ಒಂದು ಕೇಂದ್ರದಿಂದ ಹೊರಟು ಎಲ್ಲ ಮನೆಗಳನ್ನೂ ಒಮ್ಮೆಗೇ ತಲುಪುತ್ತದೆ. ಇದು ಪ್ರಸಾರ. ಗಾಳಿಸುದ್ದಿಗೆ ಕೇಂದ್ರವಿಲ್ಲ. ಅದು ಒಬ್ಬರಿಂದ ಒಬ್ಬರಿಗೆ, ಸಾಂಕ್ರಾಮಿಕ ರೋಗದಂತೆ ದಾಟುತ್ತದೆ. ಆದ್ದರಿಂದ ವಿಜ್ಞಾನಿಗಳು ಮೊದಲು ನೋಡಿದ್ದು ರೋಗದ ಲೆಕ್ಕವನ್ನೇ. 1927ರಲ್ಲಿ ಕೆರ್ಮಾಕ್ ಮತ್ತು ಮೆಕೆಂಡ್ರಿಕ್ ಎಂಬಿಬ್ಬರು ಜನರನ್ನು ಮೂರು ಗುಂಪು ಮಾಡಿದರು: ರೋಗ ತಗಲಬಹುದಾದವರು, ರೋಗಿಗಳು, ರೋಗದ ಸುಳಿಯಿಂದ ಹೊರಬಂದವರು. ತಮ್ಮ ಸಮೀಕರಣವನ್ನು ಅವರು ತಾಳೆ ನೋಡಿದ್ದು 1905-06ರ ಮುಂಬಯಿ ಪ್ಲೇಗಿನ ಸಾವುಗಳ ಅಂಕಿಗಳೊಡನೆ.

1964ರಲ್ಲಿ ಡೇಲಿ ಮತ್ತು ಕೆಂಡಾಲ್ ಎಂಬ ಗಣಿತಜ್ಞರು ಇದೇ ಜಾಡಿನಲ್ಲಿ ವದಂತಿಗೊಂದು ಮಾದರಿ ರಚಿಸಿದರು. ಅಲ್ಲಿಯೂ ಮೂರು ಗುಂಪು: ಸುದ್ದಿ ತಿಳಿಯದವರು, ತಿಳಿದು ಹರಡುವವರು, ತಿಳಿದೂ ಸುಮ್ಮನಾದವರು. ಆದರೆ ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಿ. ರೋಗಿ ಗುಣವಾಗುವುದು ತನ್ನಷ್ಟಕ್ಕೆ. ಸುದ್ದಿ ಹರಡುವವನು ಸುಮ್ಮನಾಗುವುದು ಇನ್ನೊಬ್ಬರಿಂದ. ಆತ ಉತ್ಸಾಹದಿಂದ ಹೇಳಹೊರಟಾಗ ಎದುರಿನವರು "ಅಯ್ಯೋ, ಅದು ನನಗಾಗಲೇ ಗೊತ್ತು" ಎಂದರೆ ಹೇಳುವ ಉಮೇದು ಅಲ್ಲಿಗೆ ಇಳಿಯುತ್ತದೆ. ಇದನ್ನು ಸಮೀಕರಣಕ್ಕೆ ಇಳಿಸಿದಾಗ ದೊರೆತ ಉತ್ತರ ಸ್ವಾರಸ್ಯಕರ: ದೊಡ್ಡ ಗುಂಪೊಂದರಲ್ಲಿ ಸುಮಾರು ಶೇಕಡಾ 20 ಮಂದಿಗೆ ಸುದ್ದಿ ತಲುಪುವುದೇ ಇಲ್ಲ. ಎಲ್ಲರಿಗೂ ಮುಟ್ಟುವ ಮೊದಲೇ ಅದು ಹಳತಾಗಿಬಿಡುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ತರಗತಿಯ 40 ಜನರ ಹೆಸರುಗಳನ್ನು ಚೀಟಿಗಳಲ್ಲಿ ಬರೆದು ಡಬ್ಬಿಗೆ ಹಾಕಿ. ಒಬ್ಬರಿಗೆ ಮಾತ್ರ ಸುದ್ದಿ ಗೊತ್ತಿದೆ ಎಂದಿಟ್ಟುಕೊಳ್ಳಿ. ಪ್ರತಿ ಬಾರಿ ಎರಡು ಚೀಟಿ ಎತ್ತಿ. ಅದೇ ಅವರಿಬ್ಬರ ಭೇಟಿ. ಹರಡುವವರಿಗೆ ತಿಳಿಯದವರು ಸಿಕ್ಕರೆ ಅವರೂ ಹರಡುವವರಾಗುತ್ತಾರೆ. ಹರಡುವವರಿಬ್ಬರು ಭೇಟಿಯಾದರೆ ಇಬ್ಬರೂ ಸುಮ್ಮನಾಗುತ್ತಾರೆ. ಸುಮ್ಮನಾದವರು ಸಿಕ್ಕರೆ ಹರಡುವವರೂ ಸುಮ್ಮನಾಗುತ್ತಾರೆ. ಉಳಿದ ಭೇಟಿಗಳಲ್ಲಿ ಏನೂ ಬದಲಾಗದು. ಚೀಟಿಗಳನ್ನು ಮತ್ತೆ ಡಬ್ಬಿಗೆ ಹಾಕಿ ಆಟ ಮುಂದುವರಿಸಿ. ಹರಡುವವರು ಮುಗಿದ ಮೇಲೆ ಸುದ್ದಿ ಕೇಳದೆ ಉಳಿದವರನ್ನು ಎಣಿಸಿ. ಒಮ್ಮೊಮ್ಮೆ ಒಂದೊಂದು ಉತ್ತರ ಬರುತ್ತದೆ. ಹಲವು ಬಾರಿ ಆಡಿ ಸರಾಸರಿ ತೆಗೆದರೆ ಎಂಟರ ಆಸುಪಾಸಿಗೆ ಬರಬೇಕು.

ನಿಜ ಜೀವನದಲ್ಲಿ ಎಲ್ಲರೂ ಎಲ್ಲರನ್ನೂ ಭೇಟಿಯಾಗುವುದಿಲ್ಲ. ನಮ್ಮ ಸಂಪರ್ಕಗಳು ಒಂದು ಬಲೆಯಂತೆ ಹೆಣೆದುಕೊಂಡಿವೆ. ಆಪ್ತ ಗೆಳೆಯರ ನಡುವೆ ಸುದ್ದಿ ಅಲ್ಲಲ್ಲೇ ಗಿರಕಿ ಹೊಡೆಯುತ್ತದೆ, ಏಕೆಂದರೆ ಅವರೆಲ್ಲ ಪರಸ್ಪರ ಬಲ್ಲವರು. ಅದನ್ನು ಊರಾಚೆ ದಾಟಿಸುವವರು ಅಷ್ಟೇನೂ ಆಪ್ತರಲ್ಲದ ಪರಿಚಿತರು: ಹಳೆಯ ಸಹಪಾಠಿ, ಬೇರೆ ಊರಿನ ದೂರದ ನೆಂಟ. 1973ರಲ್ಲಿ ಸಮಾಜವಿಜ್ಞಾನಿ ಮಾರ್ಕ್ ಗ್ರಾನೊವೆಟರ್ ತೋರಿಸಿಕೊಟ್ಟದ್ದು ಇದನ್ನೇ. ಸಡಿಲವಾದ ನಂಟೇ ಸುದ್ದಿಗೆ ಸೇತುವೆ.

ಈಗ ಐದರ ಮಿತಿಗೆ ಬರೋಣ. ಸಂದೇಶ ಬಂದವರಲ್ಲಿ ನಾಲ್ವರಿಗೊಬ್ಬರು ಅದನ್ನು ಹೊಸದಾಗಿ ಐವರಿಗೆ ಕಳಿಸುತ್ತಾರೆ ಎನ್ನಿ. ಆಗ ಕಳಿಸುವವರೊಬ್ಬರಿಂದ ಸರಾಸರಿ 1.25 ಹೊಸ ಕಳಿಸುವವರು ಹುಟ್ಟುತ್ತಾರೆ. ಇಪ್ಪತ್ತನೇ ಸುತ್ತಿಗೆ ಅವರು ಸುಮಾರು 87, ನಲವತ್ತನೇ ಸುತ್ತಿಗೆ ಸುಮಾರು 7,500. ನಾಲ್ವರಿಗೊಬ್ಬರ ಬದಲು ಆರು ಮಂದಿಗೊಬ್ಬರು ಕಳಿಸಿದರೋ? ಸರಾಸರಿ ಒಂದಕ್ಕಿಂತ ಕೆಳಗಿಳಿಯುತ್ತದೆ. ಮೊದಲನೆಯವರೂ ಸೇರಿ ಕಳಿಸುವವರು ಸರಾಸರಿ ಆರು ಮಂದಿ. ಕಥೆ ಅಲ್ಲಿಗೆ ಮುಗಿಯಿತು. ಎಲ್ಲರೂ ಬಾಯಿ ಮುಚ್ಚಬೇಕಾಗಿಲ್ಲ. ಕಳಿಸುವವರಲ್ಲಿ ಕೆಲವರು ಕೈ ತಡೆದರೆ ಸಾಕು, ಒಂದು ಎಂಬ ಗೆರೆಯ ಕೆಳಗೆ ವದಂತಿ ತಾನಾಗಿ ನಂದಿಹೋಗುತ್ತದೆ.

ಈ ಗೆರೆ ದಾಟಿದಾಗ ಏನಾಗುತ್ತದೆ ಎಂಬುದನ್ನು 2018ರಲ್ಲಿ ನಮ್ಮ ನಾಡು ಕಂಡಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸಂದೇಶಗಳು ದೇಶದುದ್ದಕ್ಕೂ ಹರಿದಾಡುತ್ತಿದ್ದವು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನ ಮೂಲದ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ಕಡೆಯ ಪ್ರವಾಸಿಗರ ಮೇಲೆ ಅನುಮಾನ ಹುಟ್ಟಿತು. ಅವರು ಕಾರು ಹತ್ತಿ ಹೊರಟರು. ಕಾರು ಮುರ್ಕಿ ಗ್ರಾಮಕ್ಕೆ ಬರುವಷ್ಟರಲ್ಲಿ ಸುದ್ದಿ ಅಲ್ಲಿಗೆ ಮುಟ್ಟಿತ್ತು, ರಸ್ತೆಗೆ ಅಡ್ಡಗಟ್ಟಲಾಗಿತ್ತು. ಅವರಲ್ಲೊಬ್ಬ ತರುಣ ಇಂಜಿನಿಯರ್ ಪ್ರಾಣ ಕಳೆದುಕೊಂಡ.

ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸುವ ಮಿತಿಯನ್ನು ಪ್ರಕಟಿಸಿತು. ಮತ್ತೆ ಅದೇ ಐದು! 2020ರ ಏಪ್ರಿಲ್‌ನಲ್ಲಿ, ಈಗಾಗಲೇ ಹಲವು ಕೈ ದಾಟಿ ಬಂದ ಸಂದೇಶಗಳನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸುವಂತೆ ಮಾಡಿತು. ಅಂಥ ಸಂದೇಶಗಳ ಓಡಾಟ ಸುಮಾರು ಶೇಕಡಾ 70ರಷ್ಟು ಇಳಿಯಿತೆಂದು ಕಂಪನಿ ಆ ಬಳಿಕ ತಿಳಿಸಿತು.

ಆದರೆ ಲೆಕ್ಕಕ್ಕೂ ಒಂದು ಮಿತಿಯಿದೆ. ಸಮೀಕರಣಕ್ಕೆ ನಿಜ ಯಾವುದು, ಸುಳ್ಳು ಯಾವುದು ಗೊತ್ತಾಗದು. ಹೊಳೆಗೆ ನೀರು ಬಿಡುತ್ತಾರೆ, ದಡದವರು ಮೇಲೆ ಬನ್ನಿ ಎಂಬ ನಿಜವಾದ ಎಚ್ಚರಿಕೆಯೂ ಅದೇ ಬಲೆಯಲ್ಲಿ, ಅದೇ ಸೂತ್ರದಂತೆ ಓಡುತ್ತದೆ. ಐದರ ಮಿತಿ ಎರಡನ್ನೂ ನಿಧಾನಿಸುತ್ತದೆ. ಬೇರ್ಪಡಿಸುವ ಕೆಲಸ ಯಂತ್ರದ್ದಲ್ಲ, ಸಂದೇಶ ಕೈಗೆ ಬಂದವರದ್ದು.

ಹಾಗಾದರೆ ನೀವೇನು ಮಾಡಬೇಕು? ಒಂದೇ ಸುದ್ದಿಯನ್ನು ನಾಲ್ಕು ಜನ ಕಳಿಸಿದರೆ ನಾಲ್ಕು ಸಾಕ್ಷಿ ಸಿಕ್ಕಿತೆಂದು ತಿಳಿಯಬೇಡಿ. ಒಂದೇ ಬಾಯಿಂದ ಹೊರಟ ಮಾತು ನಾಲ್ಕು ದಾರಿಯಲ್ಲಿ ನಿಮ್ಮನ್ನು ತಲುಪಿರಬಹುದು. "ಕಣ್ಣಾರೆ ಕಂಡವರು ಯಾರು? ಎಲ್ಲಿ? ಯಾವಾಗ?" ಎಂದು ಕಳಿಸಿದವರನ್ನೇ ಕೇಳಿ. ದೊಡ್ಡವರು ಕಳಿಸಿದ್ದಾದರೆ "ಚಿಕ್ಕಪ್ಪಾ, ಇದು ನಿಮಗೆ ಯಾರು ಹೇಳಿದ್ದು?" ಎಂದು ವಿನಯದಿಂದಲೇ ಕೇಳಬಹುದು. ಉತ್ತರ ಸಿಗುವವರೆಗೆ ಸಂದೇಶ ನಿಮ್ಮಲ್ಲೇ ನಿಲ್ಲಲಿ.

ನಾನೊಬ್ಬ ಕಳಿಸದಿದ್ದರೆ ಏನು ಮಹಾ ವ್ಯತ್ಯಾಸ ಎಂದು ಅನ್ನಿಸುವುದು ಸಹಜ. ನಾಲ್ವರಿಗೊಬ್ಬರು, ಆರು ಮಂದಿಗೊಬ್ಬರು: ಇವುಗಳ ನಡುವಿನ ಅಂತರವನ್ನು ಇನ್ನೊಮ್ಮೆ ನೋಡಿ. ಸಾವಿರಾರು ಜನರನ್ನು ರೈಲು ನಿಲ್ದಾಣಕ್ಕೆ ಅಟ್ಟುವ ವದಂತಿಗೂ, ಆರು ಜನರಲ್ಲಿ ಸತ್ತುಹೋಗುವ ವದಂತಿಗೂ ಇರುವ ದೂರ ಅಷ್ಟೇ. ಆ ಅಂತರವನ್ನು ತುಂಬುವವರಲ್ಲಿ ನೀವೂ ಒಬ್ಬರು.