ಹಕ್ಕಿಯೂ ಗುಳೆ ಬರುತ್ತದೆ

(ಹಟ್ಟಿಯ ಕಲಿಕಾ ಕೇಂದ್ರದಲ್ಲಿ ಒಂದು ಸಂಜೆ ಆಡಿದ ಮಾತು)



ಹೊಲದ ಕೆಲಸ ಮುಗಿಸಿ, ಗಣಿಯ ಪಾಳಿ ಮುಗಿಸಿ ಬಂದು ಕೂತಿದ್ದೀರಿ. ಇವತ್ತು ಪಾಟಿ ಬಳಪ ಸ್ವಲ್ಪ ಬದಿಗಿಡೋಣ. ನಿಮ್ಮ ಮಕ್ಕಳು ಸಾಲೆಯಲ್ಲಿ ನಮಗೆ ಕೇಳಿದ ಪ್ರಶ್ನೆಗಳನ್ನು ನಿಮಗೂ ಹೇಳುತ್ತೇವೆ.

ಮೂರನೇ ತರಗತಿಗೆ ನಾವು ಪ್ರಾಣಿಗಳ ಚಳಿಗಾಲದ ಪಾಠ ಮಾಡುತ್ತಿದ್ದೆವು. ಹಿಮ ಬೀಳುವ ದೇಶದಲ್ಲಿ ಕರಡಿ ಮೊದಲೇ ಹೊಟ್ಟೆ ತುಂಬ ತಿಂದು ಕೊಬ್ಬುತ್ತದೆ. ಆಮೇಲೆ ಗುಹೆಯಲ್ಲಿ ತಿಂಗಳುಗಟ್ಟಲೆ ಮಲಗುತ್ತದೆ ಎಂದೆವು. ಒಬ್ಬ ಹುಡುಗ ಎದ್ದು ನಿಂತ. "ನಮ್ಮ ಕಡೆ ಕರಡಿನೂ ಮಲಗತಾವೇನ್ರಿ?" ಅಂದ.

ಒಳ್ಳೆಯ ಪ್ರಶ್ನೆ. ಬಳ್ಳಾರಿ ಕಡೆ ದರೋಜಿಯಲ್ಲಿ 1994ರಿಂದ ಕರಡಿಧಾಮ ಇದೆ. ಅಲ್ಲಿಯ ಕರಡಿ ಚಳಿಗಾಲದಲ್ಲೂ ಓಡಾಡುತ್ತದೆ. ಗೆದ್ದಲು, ಹಣ್ಣು, ಜೇನು ತಿನ್ನುತ್ತದೆ. ಅದಕ್ಕೆ ತಿನ್ನಲು ಸಿಗುತ್ತದೆ, ಆದ್ದರಿಂದ ಮಲಗುವುದಿಲ್ಲ. ಹಿಮದ ನಾಡಿನ ಕರಡಿಗೆ ಸಿಗುವುದಿಲ್ಲ, ಆದ್ದರಿಂದ ಮಲಗುತ್ತದೆ. ಅಂದರೆ ಚಳಿಗಿಂತ ಹಸಿವು ದೊಡ್ಡದು. ಇಲ್ಲದ ಕಾಲವನ್ನು ದಾಟಬೇಕು, ಅದಕ್ಕೇ ಈ ತಯಾರಿ.

ನಮ್ಮ ಸೀಮೆಯಲ್ಲಿ ಇಲ್ಲದ ಕಾಲ ಯಾವುದು? ಬೇಸಿಗೆ. ಬಿಸಿಲು 40 ಡಿಗ್ರಿ ದಾಟುತ್ತದೆ. ಹಳ್ಳ ಒಣಗುತ್ತದೆ. ಆಗ ಪ್ರಾಣಿಗಳು ಏನು ಮಾಡುತ್ತವೆ? ಮೂರು ದಾರಿ ಇವೆ.

ಮೊದಲನೆಯದು ಕೂಡಿಡುವುದು. ಹೊಲದ ಬದುವಿನಲ್ಲಿ ಇರುವೆ ಗೂಡು ನೋಡಿದ್ದೀರಿ. ಕಾಳು ಕೂಡಿಡುವ ಇರುವೆ ಇದ್ದರೆ ಗೂಡಿನ ಬಾಯಿ ಸುತ್ತ ಹೊಟ್ಟು ಬಿದ್ದಿರುತ್ತದೆ. ಕಾಳು ಒಳಗೆ, ಹೊಟ್ಟು ಹೊರಗೆ. ಮಳೆಗೆ ಕಾಳು ನೆನೆದರೆ ಹೊರಗೆ ತಂದು ಬಿಸಿಲಿಗೆ ಹಾಕುತ್ತವೆ. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರಲ್ಲ, ಅದೇ ಬುದ್ಧಿ.

ಎರಡನೆಯದು ಅಡಗಿ ಮಲಗುವುದು. ಕೆರೆ ಒಣಗುವಾಗ ಗೂಳಿಗಪ್ಪೆ ಮಣ್ಣಿನೊಳಗೆ ಇಳಿಯುತ್ತದೆ. ಮೇಲೆ ಬಿಸಿಲು ಸುಟ್ಟರೂ ಕೆಳಗೆ ತಂಪು, ತೇವ. ಊಟವಿಲ್ಲ, ಓಡಾಟವಿಲ್ಲ, ಉಸಿರೂ ನಿಧಾನ. ಒಳ್ಳೆಯ ಮಳೆ ಬಿದ್ದ ರಾತ್ರಿ ಎದ್ದು ಬಂದು ವಟಗುಟ್ಟುತ್ತದೆ. ಮಳೆಯ ಜೊತೆ ಕಪ್ಪೆ ಮುಗಿಲಿಂದ ಬಿತ್ತು ಎಂದು ಹೇಳುವವರಿದ್ದಾರೆ. ಅದು ಬಿದ್ದದ್ದಲ್ಲ, ಎದ್ದದ್ದು. ಬಸವನಹುಳವೂ ಹೀಗೆಯೇ. ಚಿಪ್ಪಿನ ಬಾಯಿಗೆ ತನ್ನದೇ ಲೋಳೆಯಿಂದ ಮುಚ್ಚಳ ಮಾಡಿ ಒಳಗೆ ಕೂಡುತ್ತದೆ.

ಮೂರನೆಯದು ಊರು ಬಿಟ್ಟು ಹೋಗುವುದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ತಲೆ ಬಿಳಿ, ಅದರ ಮೇಲೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್, ಲಡಾಖ್ ಅವುಗಳ ತವರು. ಅಲ್ಲಿ ನೀರೇ ಹೆಪ್ಪುಗಟ್ಟುತ್ತದೆ, ಹುಲ್ಲು ಸಿಗುವುದಿಲ್ಲ. ಹಿಮಾಲಯ ದಾಟಿ ನಮ್ಮ ನಾಡಿಗೆ ಬರುತ್ತವೆ. ಬೇಸಿಗೆ ಬರುವ ಮುಂಚೆ ಮರಳುತ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿ ಅದು.

ಇಷ್ಟು ಹೇಳಿದ ಕೂಡಲೇ ಹಿಂದಿನ ಸಾಲಿನ ಹುಡುಗಿ ಅಂದಳು: "ಹಕ್ಕಿನೂ ಗುಳೆ ಬರತಾವಲ್ರಿ! ನಾವೂ ಹೊಕ್ಕೀವಿ, ಬೆಂಗಳೂರಿಗೆ."

ತರಗತಿ ನಕ್ಕಿತು. ನಾವು ನಗಲಿಲ್ಲ. ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಆಕೆ ಹೋದವಳು ಮಳೆಗಾಲಕ್ಕೇ ಬಂದಿದ್ದಳು. ಬಂದಾಗ ಒತ್ತಕ್ಷರ ಮರೆತಿದ್ದಳು.

ಗುಳೆ ಹೋಗಬೇಡಿ ಎಂದು ನಾವು ಹೇಳುವುದಿಲ್ಲ. ಹೊಟ್ಟೆಯ ಕಷ್ಟ ನಿಮಗೆ ಗೊತ್ತು. ಒಂದು ಮಾತು ಮಾತ್ರ ಕೇಳ್ರಿ. ಹೆಬ್ಬಾತಿನ ಮರಿ ತಂದೆ ತಾಯಿ ಜೊತೆ ಹಾರಿ ದಾರಿ ಕಲಿಯುತ್ತದೆ. ಅದಕ್ಕೆ ದಾರಿಯೇ ಸಾಲೆ. ನಮ್ಮ ಮಗುವಿಗೆ ದಾರಿಯಲ್ಲಿ ಅಕ್ಷರ ಸಿಗುವುದಿಲ್ಲ. ಕೆಲಸದ ಜಾಗದಲ್ಲಿ ಅದು ತಂಗಿಯನ್ನು ಎತ್ತಿಕೊಂಡು ಕೂಡುತ್ತದೆ.

ಹಾಗಾಗಿ ನೀವೂ ತಯಾರಿ ಮಾಡಿಕೊಳ್ಳಿರಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಮಗುವನ್ನು ಇಲ್ಲೇ ಬಿಡಿ. ಸಾಧ್ಯವಿಲ್ಲವೇ? ಹೋಗುವ ಮುಂಚೆ ಸಾಲೆಗೆ ಬಂದು ಹೇಳಿ, ವರ್ಗಾವಣೆ ಪತ್ರ ಕೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಇದೆ. ವರ್ಷದ ನಡುವೆ ಹೋದರೂ ಅಲ್ಲಿಯ ಸರಕಾರಿ ಸಾಲೆ ಸೇರಿಸಿಕೊಳ್ಳಬೇಕು. ಪತ್ರ ತಡವಾಯಿತು ಎಂದು ವಾಪಸ್ ಕಳಿಸುವಂತಿಲ್ಲ.

ಇನ್ನೊಂದು. ಪುಸ್ತಕ ಗಂಟಿನಲ್ಲಿ ಕಟ್ಟಿಕೊಳ್ಳಿರಿ. ರಾತ್ರಿ ಒಂದು ಪುಟ ಮಗು ಓದಲಿ, ಒಂದು ಪುಟ ನೀವು ಓದಿರಿ. ಹೋದ ವರ್ಷ ಈ ಮಾತು ಹೇಳಲು ಆಗುತ್ತಿರಲಿಲ್ಲ. ಈಗ ನಿಮಗೂ ಓದಲು ಬರುತ್ತದಲ್ಲ!

ಮಕ್ಕಳ ಜೊತೆ ಮಾಡಿರಿ:

1. ಇರುವೆ ಗೂಡಿನ ಬಾಯಿ ನೋಡಿರಿ. ಯಾವ ಕಾಳಿನ ಹೊಟ್ಟು ಇದೆ?

2. ಚಳಿಯ ಬೆಳಿಗ್ಗೆ ಓತಿಕ್ಯಾತ ಎಲ್ಲಿ ಕೂಡುತ್ತದೆ? ಮಧ್ಯಾಹ್ನ ಎಲ್ಲಿ?

3. ನಿಮ್ಮ ಮನೆಯಲ್ಲಿ ಬೇಸಿಗೆಗೆ ಏನೇನು ಕೂಡಿಡುತ್ತೀರಿ? ಐದು ಹೆಸರು ಬರೆಯಿರಿ.